ಆರ್‌ವಿ ಪೂರ್ಣಕಾಲಿಕ ವಾಸದ ವೆಚ್ಚ

ಹಾಸಿಗೆ, ಅಡುಗೆಯ ಸೌಕರ್ಯ ಮತ್ತು ಶೌಚಾಲಯಗಳನ್ನು ಹೊಂದಿರುವ ಮನರಂಜನಾ ವಾಹನವನ್ನೇ ವರ್ಷವಿಡೀ ಮನೆಯನ್ನಾಗಿ ಮಾಡಿಕೊಂಡು ಬಾಳುವವರ ಖರ್ಚುಗಳನ್ನು ಒಟ್ಟಾಗಿ '''ಆರ್‌ವಿ ಪೂರ್ಣಕಾಲಿಕ ವಾಸದ ವೆಚ್ಚ''' ಎನ್ನಲಾಗುತ್ತದೆ. ಈ ಜೀವನಕ್ರಮವು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರಚಲಿತದಲ್ಲಿದ್ದು, ಹೀಗೆ ಬಾಳುವವರನ್ನು ಅಲ್ಲಿ 'ಫುಲ್‌ಟೈಮರ್' ಎಂದು ಕರೆಯುತ್ತಾರೆ. ಮನೆ ಬಾಡಿಗೆ ಮತ್ತು ಮನೆಯ ಮೇಲಿನ ತೆರಿಗೆ ತಪ್ಪುವುದರಿಂದ ಇದು ಅಗ್ಗದ ಬದುಕು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ವಾಹನದ ಬೆಲೆ, ತಂಗುವ ಸ್ಥಳ ಮತ್ತು ಸಂಚಾರದ ವೇಗಗಳಿಗೆ ಅನುಗುಣವಾಗಿ ಖರ್ಚು ಬಹಳ ವ್ಯತ್ಯಾಸವಾಗುತ್ತದೆ. ಕೆಲವು ದೊಡ್ಡ ಖರ್ಚುಗಳು ತಿಂಗಳ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದೂ ಇಲ್ಲ.

== ವಾಹನದ ವಿಧಗಳು ==
ಆರ್‌ವಿಗಳಲ್ಲಿ ಎರಡು ಮುಖ್ಯ ವಿಧಗಳಿವೆ. ಸ್ವಂತ ಎಂಜಿನ್ ಹೊಂದಿರುವವು ಮೋಟರ್‌ಹೋಮ್‌ಗಳು. ಇವುಗಳಲ್ಲಿ ಬಸ್ಸಿನಾಕಾರದ 'ಎ', ವ್ಯಾನಿನಾಕಾರದ 'ಬಿ' ಹಾಗೂ ಟ್ರಕ್ ಅಥವಾ ವ್ಯಾನಿನ ಚಾಸಿಯ ಮೇಲೆ ನಿರ್ಮಿಸಿದ 'ಸಿ' ಎಂಬ ಮೂರು ವರ್ಗಗಳಿವೆ. ಬೇರೊಂದು ವಾಹನವು ಎಳೆದೊಯ್ಯುವವು ಟ್ರೇಲರ್‌ಗಳು. ಪಿಕಪ್ ಟ್ರಕ್ಕಿನ ಹಿಂಭಾಗದ ತೊಟ್ಟಿಯೊಳಗೆ ಕೊಂಡಿ ಹಾಕುವ ದೊಡ್ಡ ಟ್ರೇಲರನ್ನು 'ಫಿಫ್ತ್ ವೀಲ್' ಎನ್ನುತ್ತಾರೆ. ಟ್ರೇಲರ್ ಕೊಳ್ಳುವವರು ಅದನ್ನು ಎಳೆಯಬಲ್ಲ ಟ್ರಕ್ಕಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ. ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಪ್ರದೇಶವು ಅಮೆರಿಕದ ಆರ್‌ವಿ ತಯಾರಿಕೆಯ ಪ್ರಮುಖ ಕೇಂದ್ರವಾಗಿದೆ.

== ಖರೀದಿ ಮತ್ತು ಸವಕಳಿ ==
ನಿವೇಶನದ ಮೇಲಿರುವ ಮನೆಯ ಬೆಲೆ ಕಾಲಕ್ರಮೇಣ ಏರುವ ಸಾಧ್ಯತೆಯಿರುತ್ತದೆ. ಆರ್‌ವಿಯ ಬೆಲೆ ಇತರ ವಾಹನಗಳಂತೆ ಇಳಿಯುತ್ತದೆ. ಉದಾಹರಣೆಗೆ, 80,000 ಡಾಲರ್‌ಗೆ ಕೊಂಡ ವಾಹನವನ್ನು 5 ವರ್ಷಗಳ ನಂತರ 50,000 ಡಾಲರ್‌ಗೆ ಮಾರಿದರೆ ನಷ್ಟವು 30,000 ಡಾಲರ್. ಇದನ್ನು 60 ತಿಂಗಳುಗಳಿಗೆ ಹಂಚಿದರೆ ತಿಂಗಳಿಗೆ 500 ಡಾಲರ್ ಆಗುತ್ತದೆ. ಇದಕ್ಕೆ ಯಾವ ಬಿಲ್ಲೂ ಬರುವುದಿಲ್ಲವಾದ್ದರಿಂದ ಅನೇಕರು ತಮ್ಮ ಆಯವ್ಯಯದಲ್ಲಿ ಇದನ್ನು ಸೇರಿಸುವುದಿಲ್ಲ. ದೀರ್ಘಾವಧಿಯ ಸಾಲದ ಮೇಲೆ ಕೊಂಡಾಗ, ಉಳಿದಿರುವ ಸಾಲವು ವಾಹನದ ಮಾರುಕಟ್ಟೆ ಬೆಲೆಯನ್ನು ಮೀರುವ ಅಪಾಯವೂ ಇದೆ. ಮಲಗುವ, ಅಡುಗೆ ಮಾಡುವ ಮತ್ತು ಶೌಚದ ವ್ಯವಸ್ಥೆಯಿರುವ ಆರ್‌ವಿಯನ್ನು ಅಮೆರಿಕದ ಒಕ್ಕೂಟ ತೆರಿಗೆ ನಿಯಮಗಳು ಮನೆಯೆಂದೇ ಪರಿಗಣಿಸುತ್ತವೆ. ಹೀಗಾಗಿ ಷರತ್ತುಗಳಿಗೆ ಒಳಪಟ್ಟು ಅದರ ಸಾಲದ ಬಡ್ಡಿಗೆ ತೆರಿಗೆ ಕಡಿತ ದೊರೆಯಬಹುದು.

== ತಂಗುವ ಸ್ಥಳ ==
ಖಾಸಗಿ ಆರ್‌ವಿ ಪಾರ್ಕುಗಳಲ್ಲಿ ನೀರು, ವಿದ್ಯುತ್ ಮತ್ತು ಒಳಚರಂಡಿ ಸಂಪರ್ಕ ದೊರೆಯುತ್ತದೆ. ದಿನದ ದರಕ್ಕಿಂತ ವಾರದ ದರ, ವಾರದ ದರಕ್ಕಿಂತ ತಿಂಗಳ ದರ ಅಗ್ಗವಾಗಿರುವುದು ವಾಡಿಕೆ. ತಿಂಗಳ ದರದಲ್ಲಿ ತಂಗುವವರಿಗೆ ವಿದ್ಯುತ್ತನ್ನು ಮೀಟರಿನ ಪ್ರಕಾರ ಪ್ರತ್ಯೇಕವಾಗಿ ವಿಧಿಸುವುದುಂಟು.

ಭೂ ನಿರ್ವಹಣಾ ಇಲಾಖೆಗೆ ಸೇರಿದ ಸಾರ್ವಜನಿಕ ಭೂಮಿಯ ಹಲವೆಡೆ ಸಾಮಾನ್ಯವಾಗಿ 14 ದಿನಗಳ ಮಿತಿಯೊಳಗೆ ಉಚಿತವಾಗಿ ತಂಗಬಹುದು. ಅಲ್ಲಿ ಯಾವುದೇ ಸಂಪರ್ಕವಿಲ್ಲದ ಕಾರಣ ಸೌರ ಫಲಕ, ಬ್ಯಾಟರಿ ಅಥವಾ ಜನರೇಟರ್‌ಗೆ ಮೊದಲೇ ಹಣ ಹೂಡಬೇಕಾಗುತ್ತದೆ. ಅರಿಜೋನಾದ ಕ್ವಾರ್ಟ್ಸೈಟ್ ಪಟ್ಟಣದ ಬಳಿಯ ಲಾ ಪೋಸಾ ದೀರ್ಘಾವಧಿ ತಾಣದಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ತಂಗಲು ಅನೇಕ ವರ್ಷಗಳ ಕಾಲ 180 ಡಾಲರ್ ಶುಲ್ಕವಿತ್ತು. ಚಳಿಗಾಲದಲ್ಲಿ ಅಲ್ಲಿಗೆ ಬಹುಸಂಖ್ಯೆಯ ಆರ್‌ವಿ ನಿವಾಸಿಗಳು ಬಂದು ನೆಲೆಸುತ್ತಾರೆ. 62 ವರ್ಷ ತುಂಬಿದ ಅಮೆರಿಕದ ನಾಗರಿಕರು ಮತ್ತು ಕಾಯಂ ನಿವಾಸಿಗಳು ರಾಷ್ಟ್ರೀಯ ಉದ್ಯಾನಗಳ ಆಜೀವ ಪಾಸನ್ನು ಪಡೆಯಬಹುದು. 10 ಡಾಲರ್ ಇದ್ದ ಇದರ ಬೆಲೆಯನ್ನು 2017ರಲ್ಲಿ 80 ಡಾಲರ್‌ಗೆ ಏರಿಸಲಾಯಿತು.

== ಇಂಧನ ==
'ಎ' ವರ್ಗದ ದೊಡ್ಡ ಮೋಟರ್‌ಹೋಮ್‌ಗಳು ಸಾಮಾನ್ಯವಾಗಿ ಒಂದು ಗ್ಯಾಲನ್ ಇಂಧನಕ್ಕೆ 6ರಿಂದ 10 ಮೈಲಿ, ಅಂದರೆ ಲೀಟರಿಗೆ ಸುಮಾರು 2.5ರಿಂದ 4 ಕಿಲೋಮೀಟರ್ ಕ್ರಮಿಸುತ್ತವೆ. ಗ್ಯಾಲನ್‌ಗೆ 8 ಮೈಲಿ ಓಡುವ ವಾಹನಕ್ಕೆ 1,000 ಮೈಲಿ ಪ್ರಯಾಣಿಸಲು 125 ಗ್ಯಾಲನ್ ಬೇಕು. ಗ್ಯಾಲನ್ ಬೆಲೆ 4 ಡಾಲರ್ ಆಗಿದ್ದರೆ ಖರ್ಚು 500 ಡಾಲರ್. ಒಂದೇ ಸ್ಥಳದಲ್ಲಿ ಹೆಚ್ಚು ಕಾಲ ನಿಲ್ಲುವುದರಿಂದ ಇಂಧನದ ಖರ್ಚು ಮತ್ತು ತಂಗುವ ದರ ಎರಡೂ ಇಳಿಯುತ್ತವೆ. ಅಡುಗೆ ಹಾಗೂ ಶಾಖಕ್ಕೆ ಪ್ರೊಪೇನ್ ಅನಿಲವನ್ನು ಬಳಸುವುದರಿಂದ ಚಳಿಗಾಲದಲ್ಲಿ ಅದರ ವೆಚ್ಚ ಏರುತ್ತದೆ.

== ನಿರ್ವಹಣೆ ಮತ್ತು ದುರಸ್ತಿ ==
ಆರ್‌ವಿಯ ಮಾಲೀಕರು ವಾಹನದ ದುರಸ್ತಿ ಮತ್ತು ಮನೆಯ ದುರಸ್ತಿ ಎರಡನ್ನೂ ಭರಿಸಬೇಕಾಗುತ್ತದೆ. ಎಂಜಿನ್, ಬ್ರೇಕ್‌ಗಳ ಜೊತೆಗೆ ಛಾವಣಿಯ ಸಂದುಗಳು, ನೀರಿನ ಪಂಪು, ಶೀತಕಪೆಟ್ಟಿಗೆ ಮತ್ತು ತ್ಯಾಜ್ಯದ ತೊಟ್ಟಿಗಳಿಗೂ ಆರೈಕೆ ಬೇಕು. ಛಾವಣಿಯ ಸಣ್ಣ ಸೋರಿಕೆಯನ್ನು ಕಡೆಗಣಿಸಿದರೆ ಗೋಡೆಯ ಒಳಗಿನ ಮರ ಕೊಳೆತು ಭಾರಿ ಖರ್ಚಿಗೆ ದಾರಿಯಾಗುತ್ತದೆ. ಮೇಲ್ಮೈ ಸವೆಯದಿದ್ದರೂ ವಯಸ್ಸಾದ ಕಾರಣಕ್ಕೆ ಟೈರುಗಳನ್ನು ಬದಲಿಸಬೇಕಾಗುತ್ತದೆ. ವಾಹನವು ದುರಸ್ತಿಗೆ ಹೋದಷ್ಟು ದಿನ ನಿವಾಸಿಗಳಿಗೆ ಮನೆಯೂ ಇಲ್ಲದಂತಾಗಿ, ಹೋಟೆಲಿನ ಖರ್ಚು ಸೇರಿಕೊಳ್ಳುತ್ತದೆ.

== ಕಾನೂನುಬದ್ಧ ವಾಸಸ್ಥಳ ಮತ್ತು ವಿಮೆ ==
ಚಾಲನಾ ಪರವಾನಗಿ, ವಾಹನ ನೋಂದಣಿ ಮತ್ತು ತೆರಿಗೆಗಾಗಿ ಪೂರ್ಣಕಾಲಿಕ ನಿವಾಸಿಗಳು ಯಾವುದಾದರೊಂದು ರಾಜ್ಯವನ್ನು ತಮ್ಮ ವಾಸಸ್ಥಳವಾಗಿ ಹೊಂದಿರಬೇಕು. ವೈಯಕ್ತಿಕ ಆದಾಯ ತೆರಿಗೆ ಇಲ್ಲದ ಟೆಕ್ಸಾಸ್, ಫ್ಲಾರಿಡಾ ಮತ್ತು ಸೌತ್ ಡಕೋಟಾಗಳನ್ನು ಹೆಚ್ಚಿನವರು ಆರಿಸಿಕೊಳ್ಳುತ್ತಾರೆ. ಟೆಕ್ಸಾಸ್‌ನ ಲಿವಿಂಗ್‌ಸ್ಟನ್‌ನಲ್ಲಿ ಕೇಂದ್ರವಿರುವ, 1978ರಲ್ಲಿ ಸ್ಥಾಪನೆಯಾದ ಎಸ್ಕೇಪೀಸ್ ಆರ್‌ವಿ ಕ್ಲಬ್ ಸದಸ್ಯರಿಗೆ ಶುಲ್ಕದ ಮೇಲೆ ಅಂಚೆ ವಿಳಾಸದ ಸೇವೆ ಒದಗಿಸುತ್ತದೆ.

ರಜೆಯ ಬಳಕೆಗಷ್ಟೇ ಮಾಡಿಸಿದ ವಿಮೆಯು ಪೂರ್ಣಕಾಲಿಕ ವಾಸಕ್ಕೆ ಅನ್ವಯಿಸದಿರಬಹುದು. ಆದುದರಿಂದ ಪ್ರತ್ಯೇಕ ವಿಮೆ ಅಗತ್ಯ. 65 ವರ್ಷ ತುಂಬಿದವರಿಗೆ ಮೆಡಿಕೇರ್ ದೊರೆಯುತ್ತದೆ. ಅದಕ್ಕಿಂತ ಕಿರಿಯರ ಆರೋಗ್ಯ ವಿಮೆಯಲ್ಲಿ ಆಸ್ಪತ್ರೆಗಳ ವ್ಯಾಪ್ತಿ ಹಲವೊಮ್ಮೆ ಒಂದು ರಾಜ್ಯಕ್ಕೆ ಸೀಮಿತವಾಗಿರುವುದರಿಂದ ಬೇರೆ ರಾಜ್ಯದಲ್ಲಿ ಕಾಯಿಲೆ ಬಿದ್ದರೆ ಖರ್ಚು ಹೆಚ್ಚಬಹುದು.

== ಆದಾಯ ಮತ್ತು ಸಾಮಾಜಿಕ ಆಯಾಮ ==
ಶಿಬಿರತಾಣದ ಮೇಲ್ವಿಚಾರಣೆ ವಹಿಸಿಕೊಂಡು ಅದರ ಬದಲಿಗೆ ಉಚಿತ ಜಾಗ ಪಡೆಯುವುದು, ನಾರ್ತ್ ಡಕೋಟಾ ಮತ್ತು ಮಿನ್ನೆಸೋಟಾಗಳಲ್ಲಿ ಸಕ್ಕರೆ ಬೀಟ್ ಕಟಾವಿನ ಕೆಲಸಕ್ಕೆ ಹೋಗುವುದು ಮುಂತಾದವು ಆದಾಯದ ಮಾರ್ಗಗಳಾಗಿವೆ. ಅಮೆಜಾನ್ ಸಂಸ್ಥೆಯು 'ಕ್ಯಾಂಪರ್‌ಫೋರ್ಸ್' ಯೋಜನೆಯಡಿ ಇಂಥವರನ್ನು ಗೋದಾಮುಗಳ ತಾತ್ಕಾಲಿಕ ಕೆಲಸಕ್ಕೆ ನೇಮಿಸಿಕೊಳ್ಳುತ್ತಿತ್ತು. 2008ರ ಆರ್ಥಿಕ ಕುಸಿತದ ನಂತರ ಮನೆ ಅಥವಾ ಉಳಿತಾಯ ಕಳೆದುಕೊಂಡು ಈ ಬದುಕಿಗೆ ಬಂದ ಹಿರಿಯರ ಸ್ಥಿತಿಯನ್ನು ಜೆಸ್ಸಿಕಾ ಬ್ರೂಡರ್ ಅವರ 'ನೊಮ್ಯಾಡ್‌ಲ್ಯಾಂಡ್' (2017) ಕೃತಿಯು ದಾಖಲಿಸಿದೆ. ಅದನ್ನು ಆಧರಿಸಿ ಕ್ಲೋಯಿ ಝಾವೊ ನಿರ್ದೇಶಿಸಿದ ಚಲನಚಿತ್ರವು 2021ರಲ್ಲಿ ಅತ್ಯುತ್ತಮ ಚಿತ್ರಕ್ಕಾಗಿ ಅಕಾಡೆಮಿ ಪ್ರಶಸ್ತಿ ಪಡೆಯಿತು.

ಸ್ವಇಚ್ಛೆಯಿಂದ ಈ ಬದುಕನ್ನು ಆರಿಸಿಕೊಂಡವರಿಗೂ ಬೇರೆ ದಾರಿಯಿಲ್ಲದೆ ಬಂದವರಿಗೂ ಖರ್ಚಿನ ಬಾಬತ್ತುಗಳು ಒಂದೇ ಆಗಿವೆ. ಅನಾರೋಗ್ಯ ಅಥವಾ ವೃದ್ಧಾಪ್ಯದಿಂದ ವಾಹನ ನಡೆಸಲಾಗದೆ ಹೋದಾಗ ಸ್ಥಿರವಾದ ಮನೆಗೆ ಮರಳಲು ಮುಂಗಡ ಠೇವಣಿ ಮತ್ತು ಬಾಡಿಗೆಯ ಹಣ ಬೇಕಾಗುತ್ತದೆ. ಬೆಲೆ ಇಳಿದ ವಾಹನವನ್ನು ಮಾರಿದರೆ ಆ ಮೊತ್ತ ದೊರೆಯುತ್ತದೆಂಬ ಖಾತ್ರಿಯಿಲ್ಲ. ಈ ಕಾರಣದಿಂದ ತುರ್ತು ದುರಸ್ತಿಗೆ ಒಂದು ನಿಧಿಯನ್ನೂ, ಈ ಬದುಕಿನಿಂದ ಹೊರಬರುವ ಸಂದರ್ಭಕ್ಕೆ ಮತ್ತೊಂದು ನಿಧಿಯನ್ನೂ ಪ್ರತ್ಯೇಕವಾಗಿ ಕಾಯ್ದಿರಿಸುವುದು ಸೂಕ್ತವೆನಿಸುತ್ತದೆ.