ತೋಟ ಮತ್ತು ತೋಟಾ

ನಮ್ಮ ಅರಳಗುಪ್ಪೆಯಲ್ಲಿ ತೋಟ ಎಂದರೆ ತೆಂಗಿನ ತೋಟ, ಬೇರೆ ಅರ್ಥವೇ ಇಲ್ಲ. ಕೊನೆಯಲ್ಲೊಂದು ದೀರ್ಘ ಎಳೆದರೆ ಮಾತ್ರ ಅದು ತೋಟಾ, ಅಂದರೆ ಬಂದೂಕಿನ ಕಾಡತೂಸು. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವ ನನಗೆ 1857ರ ಪಾಠ ಬಂದಾಗಲೆಲ್ಲ ಈ ಎರಡನೆಯದರ ಬಗ್ಗೆ ಮಾತಾಡದೆ ವಿಧಿಯಿಲ್ಲ. ಹುಡುಗರು ‘ಹಸುವಿನ ಕೊಬ್ಬು, ಹಂದಿಯ ಕೊಬ್ಬು’ ಎಂದು ಗಿಳಿಪಾಠ ಒಪ್ಪಿಸಿ ಕೂತುಬಿಡುತ್ತಾರೆ. ಆ ತೋಟಾವನ್ನು ಆರಿಸಿದವರು ಯಾರು, ಹೇಗೆ ಆರಿಸಿದರು ಎಂದು ಒಬ್ಬರೂ ಕೇಳುವುದಿಲ್ಲ. ಪಾಠದ ತಿರುಳು ಇರುವುದೇ ಆ ಪ್ರಶ್ನೆಯಲ್ಲಿ ಎಂದು ನನಗನ್ನಿಸುತ್ತದೆ.

ಎನ್‌ಫೀಲ್ಡ್ ಬಂದೂಕಿನ ನಳಿಗೆಯ ಒಳಗೆ ಸುರುಳಿಯಾಗಿ ಗೀರುಗಳಿದ್ದವು. ಗುಂಡು ಗಿರಗಿರ ತಿರುಗುತ್ತಾ ನೆಟ್ಟಗೆ ಹೋಗಲು ಈ ಏರ್ಪಾಟು. ಕಾಗದದ ತೋಟಾದ ತುದಿಯನ್ನು ಹಲ್ಲಿನಿಂದ ಹರಿದು, ಮದ್ದು ಸುರಿದು, ಗುಂಡನ್ನು ಮೇಲಿನಿಂದ ತಳ್ಳಬೇಕು. ಅದು ಸಲೀಸಾಗಿ ಇಳಿಯಲೆಂದು ಕಾಗದಕ್ಕೆ ಜಿಡ್ಡು ಸವರುತ್ತಿದ್ದರು. 1853ರಲ್ಲಿ ಇಂಗ್ಲೆಂಡಿನಿಂದ ಇಂಥ ತೋಟಾಗಳನ್ನು ಪರೀಕ್ಷೆಗೆಂದು ಭಾರತಕ್ಕೆ ಕಳಿಸಿದರು. ಅವರು ನೋಡಿದ್ದು ಈ ದೇಶದ ಬಿಸಿಲಿಗೆ ಜಿಡ್ಡು ಕರಗುತ್ತದೆಯೇ ಇಲ್ಲವೇ ಎಂಬುದನ್ನು. ಅದನ್ನು ಬಾಯಿಗಿಡುವ ಸಿಪಾಯಿಯನ್ನು ಕೇಳಲಿಲ್ಲ. ಬಂಗಾಳ ಸೈನ್ಯದ ಕರ್ನಲ್ ಟಕ್ಕರ್ ಎಂಬಾತ ಅದೇ ಡಿಸೆಂಬರಿನಲ್ಲಿ, ಜಿಡ್ಡಿನಿಂದ ಜಾತಿ ಕೆಡುವುದಿಲ್ಲವೆಂದು ಖಾತ್ರಿಯಾಗದ ಹೊರತು ದೇಶೀ ಪಡೆಗಳಿಗೆ ಇದನ್ನು ಕೊಡಬೇಡಿ ಎಂದು ಎಚ್ಚರಿಸಿ ಬರೆದ. ಆ ಮಾತಿಗೆ ಬೆಲೆ ಸಿಗಲಿಲ್ಲ.

1857ರ ಜನವರಿಯಲ್ಲಿ ಡಮ್‌ಡಮ್‌ನಲ್ಲಿ ಗುಸುಗುಸು ಎದ್ದಮೇಲೆ ಸರ್ಕಾರ ಎಚ್ಚೆತ್ತು, ಸಿಪಾಯಿಗಳು ತಮಗೆ ಬೇಕಾದ ಜಿಡ್ಡನ್ನು ತಾವೇ ಸವರಿಕೊಳ್ಳಲಿ ಎಂದಿತು. ಆಮೇಲೆ ಹಲ್ಲಿನ ಬದಲು ಕೈಯಿಂದ ಹರಿಯಲಿ ಎಂದೂ ಹೇಳಿತು. ಹೊತ್ತು ಮೀರಿತ್ತು. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರ ಪೈಕಿ 85 ಮಂದಿ ತೋಟಾ ಮುಟ್ಟಲು ಒಪ್ಪಲಿಲ್ಲ. ಮೇ 10ರಂದು ಕಿಡಿ ಹೊತ್ತಿತು. ಆಮೇಲೆ ಸರ್ಕಾರ ಜನರ ಆಯುಧಗಳನ್ನೇ ಕಿತ್ತುಕೊಳ್ಳಲು ಕಾಯಿದೆ ತಂದಾಗ ನಮ್ಮ ಹಲಗಲಿಯ ಬೇಡರು ಎದುರುನಿಂತು ಪ್ರಾಣ ಕೊಟ್ಟರು.

ಅದೇ ಕಾಯಿದೆಯಿಂದ 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ಆಡುತ್ತಾರೆ. ತೆಂಗನ್ನು ಮಕ್ಕಳಂತೆ ಸಾಕುವ ನಮ್ಮ ಸೀಮೆಯವರಿಗೆ ಇದು ಕೇಳಲು ಕಸಿವಿಸಿ. ಆದರೆ ಒಂದು ಮಾತು ಒಪ್ಪಬೇಕು. ಬೇಟೆಯಿದ್ದ ಕಾಲದಲ್ಲಿ ಹಕ್ಕಿಗೆ ಚರೆಯೋ ಹಂದಿಗೆ ಒಂಟಿ ಗುಂಡೋ ಎಂಬುದನ್ನು ಕೋವಿ ಹಿಡಿದವನೇ ತೀರ್ಮಾನಿಸುತ್ತಿದ್ದ.

ಸೈನ್ಯದ ಗುರಿಕಾರನಿಗೆ ಆ ಸ್ವಾತಂತ್ರ್ಯವಿಲ್ಲ. ಅವನಿಗಿರುವ ‘ಸ್ನೈಪರ್’ ಎಂಬ ಹೆಸರು ಹುಟ್ಟಿದ್ದೂ ನಮ್ಮ ದೇಶದಲ್ಲೇ. ಸ್ನೈಪ್ ಎಂಬ ಜೌಗುನೆಲದ ಹಕ್ಕಿ ಅಂಕುಡೊಂಕಾಗಿ ಹಾರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಅದನ್ನು ಬೇಟೆಯಾಡುತ್ತಿದ್ದ ಇಂಗ್ಲಿಷ್ ಸೇನಾಧಿಕಾರಿಗಳಿಂದ ಆ ಮಾತು ಬಂತು.

ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ವಿಂಗಡಿಸುವುದನ್ನು ನೋಡಿದವರಿಗೆ ಗುರಿಕಾರನ ಕಷ್ಟ ಬೇಗ ತಿಳಿಯುತ್ತದೆ. ಒಂದು ಉಂಡೆ ಚೆನ್ನಾಗಿದ್ದರೆ ಸಾಲದು, ಚೀಲವೆಲ್ಲ ಒಂದೇ ಸಮನಾಗಿರಬೇಕು. ತೋಟಾವೂ ಹಾಗೆಯೇ. ಮದ್ದಿನಲ್ಲಿ ಕೊಂಚ ಹೆಚ್ಚುಕಡಿಮೆಯಾದರೆ ನೂರು ಗಜದಲ್ಲಿ ಕಾಣದ ವ್ಯತ್ಯಾಸ ಸಾವಿರ ಗಜದಲ್ಲಿ ಗೇಣು ದಾಟುತ್ತದೆ. ಗುಂಡಿನ ವೇಗ ಶಬ್ದದ ವೇಗಕ್ಕಿಂತ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರಿಗಿಂತ, ಕೆಳಗಿಳಿಯುವ ಹೊತ್ತಿಗೆ ಅದು ಓಲಾಡತೊಡಗುತ್ತದೆ. ಭಾರವಾದ ನೀಳ ಗುಂಡು ಆ ಗಡಿಯನ್ನು ಹೆಚ್ಚು ದೂರ ಹೋದಮೇಲೆ ಮುಟ್ಟುತ್ತದೆ, ಗಾಳಿಗೂ ಕಡಿಮೆ ಬಾಗುತ್ತದೆ.

ನಮ್ಮ ಸೈನ್ಯದ ಗುರಿಕಾರರು ದಶಕಗಳ ಕಾಲ ಹಿಡಿದದ್ದು ರಷ್ಯಾದ ಡ್ರಾಗುನೋವ್. ಅದರ 7.62 ಮಿ.ಮೀ. ತೋಟಾ 1891ರಲ್ಲಿ, ಝಾರ್ ದೊರೆಗಳ ಕಾಲದಲ್ಲಿ ಹುಟ್ಟಿದ್ದು. ಗುಂಡಿನ ತೂಕ ಸುಮಾರು 10 ಗ್ರಾಂ, ನೆಚ್ಚಬಹುದಾದ ದೂರ ಸುಮಾರು 800 ಮೀಟರ್. ಮೆಷಿನ್‌ಗನ್ನಿಗೂ ಅದೇ ತೋಟಾ. ಅದರಿಂದ ಗುರಿ ಚೆದುರುತ್ತದೆಂದು ಕಂಡ ರಷ್ಯನ್ನರು 1960ರ ದಶಕದಲ್ಲೇ ಗುರಿಕಾರರಿಗೆಂದು ಬೇರೆಯಾಗಿ, ನಾಜೂಕಾದ ತೋಟಾ ಮಾಡಿಕೊಂಡರು. ನಮ್ಮ ಗಡಿಗೆ .338 ಲಪುವಾ ಮ್ಯಾಗ್ನಮ್ ತೋಟಾದ ಬಂದೂಕುಗಳು ಬಂದದ್ದು 2019ರ ಸುಮಾರಿಗೆ. ಇದರ ಗುಂಡು 8.6 ಮಿ.ಮೀ. ದಪ್ಪ, ಸುಮಾರು 16 ಗ್ರಾಂ ತೂಕ. 1,200 ಮೀಟರಿನಾಚೆಗೂ ನೆಚ್ಚಬಹುದು. ಈಗ ಬೆಂಗಳೂರಿನಲ್ಲೇ, ಸ್ಪ್ರಿಂಗ್ ತಯಾರಿಸುವ ಮನೆತನದ ಎಸ್‌ಎಸ್‌ಎಸ್ ಡಿಫೆನ್ಸ್ ಕಂಪನಿ ಇದೇ ತೋಟಾಕ್ಕೆ ‘ಸೇಬರ್’ ಎಂಬ ಬಂದೂಕನ್ನು ರೂಪಿಸಿದೆ.

ಸೈನ್ಯ ಸೇರಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಬಂದಾಗ ಮನೆಗೆ ಬಂದಿದ್ದ. ಕಾಫಿ ಕೊಟ್ಟು, “ಏನಪ್ಪಾ, ತೋಟಾ ಆರಿಸೋವಾಗ ನಿಮ್ಮನ್ನ ಕೇಳ್ತಾರೇನೋ?” ಎಂದೆ. ಅವನು ನಕ್ಕು, “ಆರಿಸೋರು ಬೇರೆ ಮೇಡಂ, ಹಾರಿಸೋರು ಬೇರೆ. ಆದ್ರೆ ಎದುರುಗಡೆಯೋನ ಗುಂಡು ನಮಗಿಂತ ದೂರ ಬರುತ್ತೆ ಅಂತ ಮೊದಲು ಗೊತ್ತಾಗೋದು ನಮಗೇ” ಎಂದ. ಪಕ್ಕದಲ್ಲಿ ಕೂತಿದ್ದ ಅವನ ತಾಯಿ ಲೋಟ ಕೆಳಗಿಟ್ಟರು, ಮತ್ತೆ ಎತ್ತಿಕೊಳ್ಳಲಿಲ್ಲ. ಎದುರುಗಡೆಯವನಿಗೂ ತಾಯಿಯಿರುತ್ತಾಳೆಂಬ ಮಾತು ನನ್ನ ಬಾಯಿಗೆ ಬಂದಿತ್ತು. ಆಕೆಯ ಮುಖ ನೋಡಿ ಸುಮ್ಮನಾದೆ.

ಬಿತ್ತನೆ ಕಾಯಿ ಆರಿಸುವ ನಮ್ಮ ರೈತ ತಪ್ಪಿದರೆ ಹತ್ತಾರು ವರ್ಷ ಬೋಳುಗೊನೆಯ ಮರ ನೋಡುತ್ತಾ ತಾನೇ ಅನುಭವಿಸುತ್ತಾನೆ. ಅದಕ್ಕೇ ಅವನಿಗೆ ಅಷ್ಟು ಎಚ್ಚರ. ಕಚೇರಿಯಲ್ಲಿ ಕೂತು ತೋಟಾ ಆರಿಸುವವರಿಗೆ ಆ ಶಿಕ್ಷೆಯಿಲ್ಲ. ಶಿಕ್ಷೆಯಿಲ್ಲದ ಮೇಲೆ ಅವರಿಗೆ ಎಚ್ಚರ ಬರುವ ದಾರಿ ಒಂದೇ, ಬಂದೂಕು ಹಿಡಿದವನ ಮಾತು ಕೇಳುವುದು. 1853ರಲ್ಲಿ ಕೇಳಿದ್ದರೆ ಖರ್ಚಾಗುತ್ತಿದ್ದುದು ಒಂದಿಷ್ಟು ಮೇಣ, ಒಂದಿಷ್ಟು ಎಣ್ಣೆ.