ಒಳಗೇಣಿ, ಒಳಬಾಡಿಗೆ ಮತ್ತು ನಮ್ಮಜ್ಜ

ಮೊನ್ನೆ ಚನ್ನಗಿರಿಗೆ ಹೋದಾಗ ಅಟ್ಟದ ಮೇಲಿದ್ದ ಅಜ್ಜನ ಟ್ರಂಕು ಕೆಳಗಿಳಿಸಿದೆ. ಕಂದಾಯದ ರಸೀದಿಗಳ ನಡುವೆ 1973ರ ಒಂದು ಚೀಟಿ ಸಿಕ್ಕಿತು. "ಒಂದು ಬೆಳೆಯ ಮಟ್ಟಿಗೆ" ಅಂತ ಅಜ್ಜ ಯಾರಿಗೋ ಗದ್ದೆ ಬಿಟ್ಟುಕೊಟ್ಟದ್ದು, ಕೆಳಗೆ ಆತನ ಹೆಬ್ಬೆಟ್ಟು. ತಮಾಷೆ ಅಂದ್ರೆ ಆ ಗದ್ದೆ ಆಗ ಅಜ್ಜನದೇ ಅಲ್ಲ. ಅಜ್ಜನೂ ಗೇಣಿದಾರನೇ!

ಗದ್ದೆ ಇದ್ದದ್ದು ನ್ಯಾಮತಿ ಹತ್ತಿರ. ಆಗ ನ್ಯಾಮತಿ ಹೊನ್ನಾಳಿ ತಾಲೂಕಿಗೆ ಸೇರಿತ್ತು. ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗದ್ದು. ಎಲ್ಲ ದಾವಣಗೆರೆ ಜಿಲ್ಲೆಗೆ ಬಂದದ್ದು 1997ರಲ್ಲಿ.

ಈ ಚೀಟಿಯನ್ನು ಅಜ್ಜ ಯಾಕೆ ಅಷ್ಟು ಒಳಗಿಟ್ಟಿದ್ದ? 1961ರ ಭೂಸುಧಾರಣಾ ಕಾಯಿದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅದರ 21ನೇ ಕಲಮಿನ ಪ್ರಕಾರ ಗೇಣಿದಾರ ಭೂಮಿಯನ್ನು ಇನ್ನೊಬ್ಬರಿಗೆ ಒಳಗೇಣಿಗೆ ಕೊಡುವ ಹಾಗಿಲ್ಲ. ವಿಧವೆಯರು, ಸೈನಿಕರು ಮುಂತಾದವರಿಗೆ ಮಾತ್ರ ರಿಯಾಯಿತಿ. ಕೊಟ್ಟದ್ದು ಒಡೆಯನಿಗೆ ಗೊತ್ತಾದರೆ ಗೇಣಿಯನ್ನೇ ಬಿಡಿಸಬಹುದಿತ್ತು. ಹಾಗಾಗಿ ಇಂಥ ವ್ಯವಹಾರವೆಲ್ಲ ಪಿಸುಮಾತಿನಲ್ಲೇ.

ಆಮೇಲೆ ದೇವರಾಜ ಅರಸರ ಕಾಲದ ತಿದ್ದುಪಡಿ. 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿ, ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ ಅಧಿಭೋಗದ ಹಕ್ಕು ಕೇಳಬಹುದಾಯಿತು. ಅರ್ಜಿಯ ಗಡುವು ಬೆಳೆಯುತ್ತಾ 1979ರ ಜೂನ್ 30ರವರೆಗೆ ಹೋಯಿತು. ಅಜ್ಜ ಅರ್ಜಿ ಹಾಕಿದ. ಪಹಣಿಯಲ್ಲಿ ಅಜ್ಜನ ಹೆಸರಿತ್ತು, ಗದ್ದೆ ಸಿಕ್ಕಿತು. ಆ ಬೆಳೆಯಲ್ಲಿ ಉಳುತ್ತಿದ್ದವನು ಹೆಬ್ಬೆಟ್ಟಿನವನು. ಆತ ಅರ್ಜಿಯನ್ನೇ ಹಾಕಲಿಲ್ಲವಂತೆ. ಹಾಕಿದ್ದರೂ, ಕಾನೂನು ಒಪ್ಪದ ಒಳಗೇಣಿಗೆ ಯಾವ ಹಕ್ಕು? "ಉಳುವವನೇ ಹೊಲದೊಡೆಯ" ಅಂತ ಅಜ್ಜ ಜೀವಮಾನವಿಡೀ ಹೇಳುತ್ತಿದ್ದ. ನಾವೂ ನಂಬಿದ್ದೆವು.

ಇನ್ನೊಂದು ನನಗೇ ನೆನಪಿದೆ. ಎಂಬತ್ತರ ದಶಕದಲ್ಲಿ ಚನ್ನಗಿರಿಯ ನಮ್ಮ ಹಿಂದಿನ ಮನೆಯಲ್ಲಿ ಜಗಳೂರು ಕಡೆಯ ಒಂದು ಸಂಸಾರ ಬಾಡಿಗೆಗಿತ್ತು. ಮಳೆ ನಂಬಿ ಕೆಟ್ಟು ಬಂದವರು. ಅಡಿಕೆ ಸುಗ್ಗಿ ಬಂದರೆ ಪರಊರಿನ ಖೇಣಿದಾರರಿಗೆ ಒಂದೆರಡು ತಿಂಗಳು ಮುಂದಿನ ಕೋಣೆ ಬಿಟ್ಟುಕೊಟ್ಟು, ತಾವೆಲ್ಲ ಅಡುಗೆಮನೆಯಲ್ಲಿ ಮಲಗುತ್ತಿದ್ದರು. ಅಜ್ಜನಿಗೆ ಗೊತ್ತಾಗಿ ಕೆಂಡಾಮಂಡಲ! "ನನ್ನ ಮನೇಲಿ ಇವರು ಅಂಗಡಿ ಇಟ್ಕೊಂಡಿದಾರೆ" ಅಂತ ಹದಿನೈದು ದಿನದಲ್ಲಿ ಖಾಲಿ ಮಾಡಿಸಿದ.

ಕಾನೂನು ಇಲ್ಲೂ ನೇರ ಇಲ್ಲ ನೋಡಿ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೇ ಕಲಮಿನಂತೆ, ಕರಾರಿನಲ್ಲಿ ಬೇಡವೆಂದಿಲ್ಲದಿದ್ದರೆ ಒಳಬಾಡಿಗೆಗೆ ಕೊಡಬಹುದು. 1961ರ ಬಾಡಿಗೆ ನಿಯಂತ್ರಣ ಕಾಯಿದೆ ಅನ್ವಯಿಸುತ್ತಿದ್ದ ಕಡೆ ಮಾತ್ರ ಅಕ್ರಮ ಒಳಬಾಡಿಗೆ ತೆರವಿಗೆ ಕಾರಣ. ಅದರ ಜಾಗಕ್ಕೆ 2001ರ ಡಿಸೆಂಬರ್ 31ರಂದು ಬಂದ ಹೊಸ ಕಾಯಿದೆಯಲ್ಲೂ ಆ ಕಾರಣ ಉಳಿಯಿತು. ನಮ್ಮ ಮನೆಗೆ ಕರಾರು ಪತ್ರವೇ ಇರಲಿಲ್ಲ. ಅಜ್ಜ ಯಾವ ಕಲಮನ್ನೂ ಓದಿರಲಿಲ್ಲ, ಗದರಿದ ಅಷ್ಟೆ.

ಅಮ್ಮನಿಗೆ ಚೀಟಿ ತೋರಿಸಿದೆ. "ಹಳೇದೆಲ್ಲ ಯಾಕೆ ಕೆದಕ್ತೀಯ" ಅಂದಳು. ಸ್ವಲ್ಪ ಹೊತ್ತಾದ ಮೇಲೆ ಅವಳೇ, ಹೆಬ್ಬೆಟ್ಟಿನವನ ಮಗ ಇನ್ನೂ ನ್ಯಾಮತಿಯಲ್ಲೇ ಇದ್ದಾನೆ, ಸಂತೆಯಲ್ಲಿ ಕಂಡರೆ ಮಾತಾಡಿಸ್ತಾನೆ ಅಂದಳು. ಚೀಟಿ ಈಗ ನನ್ನ ಬ್ಯಾಗಿನಲ್ಲಿದೆ. ಮುಂದಿನ ಸಲ ಹೋದಾಗ ಅವನನ್ನು ಹುಡುಕಬೇಕು.