ಕಾಯುವ ಪ್ರೋಗ್ರಾಂ: ಗ್ರಾಫಿಕಲ್ ಇಂಟರ್‌ಫೇಸಿನ ಮೊದಲ ಪಾಠ

ಹೊಸದಾಗಿ ಪೈಥಾನ್ ಕಲಿತವರಿಗೆ ಗ್ರಾಫಿಕಲ್ ಇಂಟರ್‌ಫೇಸ್ ಕಲಿಸುವಾಗ ಪಾಠ ಸಾಮಾನ್ಯವಾಗಿ ಬಟನ್, ಲೇಬಲ್, ಎಂಟ್ರಿಗಳ ಪರಿಚಯದಿಂದ ಶುರುವಾಗುತ್ತದೆ. ಈ ಕ್ರಮ ತಿರುವುಮುರುವಾಗಿದೆ ಎಂಬುದು ಇಲ್ಲಿನ ವಾದ. ಅಲ್ಲಿಯವರೆಗೆ ಕಲಿಯುವವರು ಬರೆದ ಪ್ರೋಗ್ರಾಂ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓಡಿ ಮುಗಿಯುತ್ತಿತ್ತು. ಪ್ರಶ್ನೆ ಕೇಳುತ್ತಿದ್ದುದು ಪ್ರೋಗ್ರಾಂ, ಉತ್ತರಿಸುತ್ತಿದ್ದವರು ಬಳಕೆದಾರರು. ವಿಂಡೋ ತೆರೆದೊಡನೆ ಪಾತ್ರಗಳು ಅದಲುಬದಲಾಗುತ್ತವೆ. ಬಳಕೆದಾರರು ಏನಾದರೂ ಮಾಡುವವರೆಗೆ ಪ್ರೋಗ್ರಾಂ ಕಾದಿರಬೇಕು. ಮೊದಲು ತಿಳಿಸಬೇಕಾದದ್ದು ಈ ಕಾಯುವಿಕೆಯನ್ನು.

ಬರ್ಕ್ಲಿಯಲ್ಲಿ ಜಾನ್ ಔಸ್ಟರ್‌ಹೌಟ್ ರೂಪಿಸಿದ ಟಿಕೆ ಎಂಬ ಸಲಕರಣೆಯನ್ನು ಪೈಥಾನಿಗೆ ಜೋಡಿಸುವ ಟಿಕಿಂಟರ್‌ನಲ್ಲಿ ಕಾಯುವ ಕೆಲಸ ಮೇನ್‌ಲೂಪ್‌ನದು. ಆರಂಭಿಕರ ಎರಡು ತಪ್ಪುಗಳು ಈ ವಾದಕ್ಕೆ ಪುರಾವೆ. ಬಟನ್‌ಗೆ ಫಂಕ್ಷನ್ನಿನ ಹೆಸರು ಕೊಡುವ ಬದಲು ಹೆಸರಿನ ಮುಂದೆ ಆವರಣ ಚಿಹ್ನೆಗಳನ್ನೂ ಹಾಕಿದರೆ, ವಿಂಡೋ ಕಾಣಿಸಿಕೊಳ್ಳುವ ಮೊದಲೇ ಆ ಫಂಕ್ಷನ್ ಒಮ್ಮೆ ಓಡಿಬಿಡುತ್ತದೆ. ಆಮೇಲೆ ಎಷ್ಟು ಒತ್ತಿದರೂ ಬಟನ್ ಸುಮ್ಮನಿರುತ್ತದೆ. ಇದು ಬರೀ ಚಿಹ್ನೆಯ ತಪ್ಪಲ್ಲ. ‘ಈಗ ಮಾಡು’ ಮತ್ತು ‘ಒತ್ತಿದಾಗ ಮಾಡು’ ಎಂಬುವುಗಳ ನಡುವಿನ ಅಂತರ ಮನಸ್ಸಿನಲ್ಲಿ ಮೂಡಿಲ್ಲದ ಕುರುಹು. ಎರಡನೆಯದು, ಐದು ಸೆಕೆಂಡ್ ತಡೆಯಲು ಸ್ಲೀಪ್ ಬಳಸುವುದು. ಮೇನ್‌ಲೂಪ್ ಅಷ್ಟು ಹೊತ್ತು ಅಲ್ಲೇ ಸಿಕ್ಕಿಕೊಳ್ಳುವುದರಿಂದ ಇಡೀ ವಿಂಡೋ ಮರಗಟ್ಟುತ್ತದೆ. ಅದೇ ಕೆಲಸಕ್ಕೆ ಆಫ್ಟರ್ ಎಂಬ ಮೆಥಡ್ ಬಳಸಿದರೆ ವಿಂಡೋ ಸ್ಪಂದಿಸುತ್ತಲೇ ಇರುತ್ತದೆ. ಕಾಯುವಿಕೆ ಅರ್ಥವಾದವರಿಗೆ ಇದರ ಕಾರಣ ಹೇಳಿಕೊಡಬೇಕಾಗಿಯೇ ಇಲ್ಲ.

ಎಲ್ಲ ತೊಡಕುಗಳೂ ಕಾಯುವಿಕೆ ಅರ್ಥವಾಗದ್ದರಿಂದಲೇ ಹುಟ್ಟುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಎಂಟ್ರಿ ಕೊಡುವುದು ಸ್ಟ್ರಿಂಗ್ ಆದ್ದರಿಂದ, ಸಂಖ್ಯೆಯಾಗಿ ಪರಿವರ್ತಿಸದೆ 2ಕ್ಕೆ 3 ಕೂಡಿಸಿದರೆ 23 ಬರುತ್ತದೆ. ಅದು ಬೇರೆಯೇ ಪಾಠ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: 1991ರಲ್ಲಿ ಬಂದ ವಿಷುಯಲ್ ಬೇಸಿಕ್, ಬಟನ್‌ಗಳನ್ನು ಎಳೆದು ಇಡಲು ಬಿಟ್ಟೇ ಅಸಂಖ್ಯ ಜನರನ್ನು ಪ್ರೋಗ್ರಾಮರ್‌ಗಳನ್ನಾಗಿಸಿತಲ್ಲವೇ? ಹೌದು. ಆದರೆ ಅಲ್ಲಿಯೂ ಬಟನ್ ಮೇಲೆ ಎರಡು ಸಲ ಕ್ಲಿಕ್ ಮಾಡಿದೊಡನೆ ತೆರೆದುಕೊಳ್ಳುತ್ತಿದ್ದುದು ‘ಕ್ಲಿಕ್ ಆದಾಗ’ ನಡೆಯಬೇಕಾದ ಕೆಲಸ ಬರೆಯುವ ಜಾಗ. ಬಳಕೆದಾರರ ಕ್ರಿಯೆಯನ್ನೇ ಅದು ಮುಂದಿಟ್ಟಿತ್ತು; ಅದರ ಯಶಸ್ಸು ಈ ವಾದದ ಪರವಾಗಿಯೇ ನಿಲ್ಲುತ್ತದೆ. ಆದ್ದರಿಂದ ಮೊದಲ ದಿನಕ್ಕೆ ಒಂದು ಬಟನ್, ಒತ್ತಿದಂತೆಲ್ಲ ಎಣಿಕೆ ಏರುವ ಒಂದು ಲೇಬಲ್ ಸಾಕು. ಗ್ರಿಡ್, ಬಣ್ಣ, ಮೆನುಗಳನ್ನು ಅಧ್ಯಾಪಕರು ದಯವಿಟ್ಟು ಎರಡನೆಯ ವಾರಕ್ಕೆ ಇಟ್ಟುಕೊಳ್ಳಲಿ.